ಒಂದು ಉಗುರೋ, ಎಲ್ಲ ಉಗುರುಗಳೋ?

ಉಗುರಿನ ತೊಂದರೆಗಳ ಬಗ್ಗೆ ಬಿಡಿಬಿಡಿಯಾಗಿ ಬಂದಿದ್ದ ಪತ್ರಗಳನ್ನು ಈ ಸಂಚಿಕೆಗೆಂದು ಒಟ್ಟುಗೂಡಿಸಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಉಗುರಿನ ಬಣ್ಣವನ್ನೂ ಆಕಾರವನ್ನೂ ಚೆನ್ನಾಗಿ ವರ್ಣಿಸಿದ್ದಾರೆ. ಆದರೆ ತೊಂದರೆ ಇರುವುದು ಒಂದೇ ಉಗುರಿನಲ್ಲೋ ಎಲ್ಲ ಉಗುರುಗಳಲ್ಲೋ ಎಂಬುದನ್ನು ಹೇಳಲು ಹಲವರು ಮರೆತಿದ್ದಾರೆ. ವೈದ್ಯರು ಮೊದಲು ಕೇಳುವ ಪ್ರಶ್ನೆಯೇ ಅದು. ಒಂದೇ ಉಗುರು ಕೆಟ್ಟಿದ್ದರೆ ಕಾರಣವನ್ನು ಸಾಮಾನ್ಯವಾಗಿ ಆ ಬೆರಳಿನಲ್ಲೇ ಹುಡುಕಬೇಕು. ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೆ ಕೆಟ್ಟಿದ್ದರೆ ಬೆರಳನ್ನು ಬಿಟ್ಟು ಇಡೀ ದೇಹದ ಕಡೆಗೆ ನೋಡಬೇಕು.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳ ಕೈಯುಗುರುಗಳಲ್ಲಿ ಆಗಾಗ ಬಿಳಿ ಚುಕ್ಕೆಗಳು ಕಾಣಿಸುತ್ತವೆ. ಕ್ಯಾಲ್ಸಿಯಂ ಕೊರತೆಯೆಂದು ಎಲ್ಲರೂ ಹೇಳಿದ್ದರಿಂದ ಮೂರು ತಿಂಗಳು ಮಾತ್ರೆ ಕೊಟ್ಟೆವು. ಹಳೆಯ ಚುಕ್ಕೆಗಳು ಹೋದವು, ಹೊಸವು ಬಂದವು. ಮಾತ್ರೆಯನ್ನು ಮುಂದುವರಿಸಬೇಕೇ?

ಉತ್ತರ: ಚುಕ್ಕೆಗಳಿಗಾಗಿ ಮುಂದುವರಿಸುವುದು ಬೇಡ. ಹಳೆಯ ಚುಕ್ಕೆಗಳು ಹೋದದ್ದು ಮಾತ್ರೆಯಿಂದಲ್ಲ; ಉಗುರು ಬೆಳೆಯುತ್ತಾ ಚುಕ್ಕೆಯಿದ್ದ ಭಾಗ ತುದಿಗೆ ಬಂತು, ನೀವು ಉಗುರು ಕತ್ತರಿಸಿದಾಗ ಅದೂ ಹೋಯಿತು, ಅಷ್ಟೆ.

ಉಗುರು ಹುಟ್ಟುವುದು ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಬುಡದ ಚರ್ಮದ ಮಡಿಕೆಯ ಕೆಳಗೆ ಅಡಗಿರುವ ಜೀವಕೋಶಗಳ ಒಂದು ಪದರ ಬಿಡುವಿಲ್ಲದೆ ಹೊಸ ಕೋಶಗಳನ್ನು ಹುಟ್ಟಿಸುತ್ತಿರುತ್ತದೆ. ಈ ಪದರವನ್ನು ಇಲ್ಲಿ ಉಗುರಿನ ಬೇರು ಎಂದೇ ಕರೆಯೋಣ. ಹೊಸ ಕೋಶಗಳು ಹಳೆಯವನ್ನು ಮುಂದಕ್ಕೆ ತಳ್ಳುತ್ತವೆ, ಹಾಗೆ ಸಾಗುವ ಕೋಶಗಳು ಕೆರಾಟಿನ್ ಎಂಬ ಪ್ರೋಟೀನನ್ನು ತುಂಬಿಕೊಂಡು, ಚಪ್ಪಟೆಯಾಗಿ, ಸತ್ತು, ಒಂದಕ್ಕೊಂದು ಅಂಟಿಕೊಂಡು ನಾವು ಉಗುರೆಂದು ಕರೆಯುವ ಗಟ್ಟಿ ಹಲಗೆಯಾಗುತ್ತವೆ. ಹೆಬ್ಬೆರಳಿನ ಬುಡದಲ್ಲಿ ಕಾಣುವ ಬಿಳಿಯ ಅರ್ಧಚಂದ್ರ ಆ ಬೇರಿನ ಹೊರಕ್ಕೆ ಇಣುಕಿದ ಅಂಚು. ಬೆರಳಿನ ಬುಡಕ್ಕೆ ಬಾಗಿಲೋ ಮೇಜಿನ ಅಂಚೋ ತಗುಲಿ ಸಣ್ಣ ಪೆಟ್ಟಾದರೆ, ಆ ಕ್ಷಣದಲ್ಲಿ ತಯಾರಾಗುತ್ತಿದ್ದ ಒಂದಿಷ್ಟು ಕೋಶಗಳು ಸರಿಯಾಗಿ ಪಕ್ವವಾಗದೆ ಉಳಿಯುತ್ತವೆ ಮತ್ತು ಬೆಳಕನ್ನು ಚೆದುರಿಸಿ ಬಿಳಿಯಾಗಿ ಕಾಣುತ್ತವೆ. ಚುಕ್ಕೆ ಹೊರಗೆ ಕಾಣುವ ವೇಳೆಗೆ ಪೆಟ್ಟು ಬಿದ್ದು ವಾರಗಳೇ ಕಳೆದಿರುವುದರಿಂದ ಯಾರಿಗೂ ಅದರ ನೆನಪಿರುವುದಿಲ್ಲ. ಆಡುವ ಮಗುವಿಗಂತೂ ಮೊದಲೇ ಇರುವುದಿಲ್ಲ. ಉಗುರು ಕಚ್ಚುವ, ಬುಡದ ಚರ್ಮವನ್ನು ಕೆರೆಯುವ ಅಭ್ಯಾಸವಿದ್ದರೂ ಇದೇ ಆಗುತ್ತದೆ.

ಕ್ಯಾಲ್ಸಿಯಂ ವಿಚಾರಕ್ಕೆ ಬಂದರೆ, ಉಗುರಿನ ಗಟ್ಟಿತನ ಮೂಳೆಯ ಗಟ್ಟಿತನದಂಥದ್ದಲ್ಲ. ಅದು ಬರುವುದು ಕೆರಾಟಿನ್ ಎಳೆಗಳನ್ನು ಬಿಗಿಯುವ ಗಂಧಕದ ಬಂಧಗಳಿಂದ. ಉಗುರಿನ ತೂಕದಲ್ಲಿ ಕ್ಯಾಲ್ಸಿಯಂನ ಪಾಲು ಶೇಕಡಾ 1ನ್ನೂ ಮುಟ್ಟುವುದಿಲ್ಲ. ಇಷ್ಟಾದರೂ ಈ ನಂಬಿಕೆ ಎಷ್ಟು ಆಳಕ್ಕಿಳಿದಿದೆಯೆಂದರೆ, ಬಿಳಿ ಚುಕ್ಕೆಗೆ ಔಷಧಿ ಬೇಡವೆಂದು ಹೇಳಿದ ವೈದ್ಯರ ಮೇಲೆಯೇ ಅನುಮಾನ ಪಡುವವರಿದ್ದಾರೆ.

ಬಿಳಿ ಬಣ್ಣಕ್ಕೆ ಗಂಭೀರ ಕಾರಣಗಳೂ ಇಲ್ಲದಿಲ್ಲ, ಆದರೆ ಅವುಗಳ ರೂಪವೇ ಬೇರೆ. 1954ರಲ್ಲಿ ರಿಚರ್ಡ್ ಟೆರ್ರಿ ಎಂಬ ವೈದ್ಯರು ಯಕೃತ್ತು ಗಡುಸುಗಟ್ಟಿದ ರೋಗಿಗಳಲ್ಲಿ ತುದಿಯ ಸಣ್ಣ ಗುಲಾಬಿ ಪಟ್ಟಿಯೊಂದನ್ನು ಬಿಟ್ಟು ಉಳಿದ ಉಗುರೆಲ್ಲ ಬೆಳ್ಳಗಾಗಿರುವುದನ್ನು ವಿವರಿಸಿದರು. ದೀರ್ಘಕಾಲದ ಮೂತ್ರಪಿಂಡ ವೈಫಲ್ಯದಲ್ಲಿ ಬುಡದ ಅರ್ಧ ಬಿಳಿ, ತುದಿಯ ಅರ್ಧ ಕಂದು ಆಗುವುದುಂಟು. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಬಹಳ ಇಳಿದಾಗ ಜೋಡಿ ಬಿಳಿ ಅಡ್ಡಪಟ್ಟಿಗಳು ಮೂಡುತ್ತವೆ. ಈ ಮೂರರಲ್ಲೂ ದೋಷವಿರುವುದು ಉಗುರಿನಲ್ಲಲ್ಲ, ಅದರ ಕೆಳಗಿನ ಹಾಸಿನಲ್ಲಿ. ಆದ್ದರಿಂದ ಉಗುರು ಬೆಳೆದರೂ ಬಿಳುಪು ಮುಂದಕ್ಕೆ ಸರಿಯುವುದಿಲ್ಲ, ಉಗುರನ್ನು ಒತ್ತಿ ಹಿಡಿದರೆ ಪಟ್ಟಿಗಳು ಮಾಸುತ್ತವೆ. ನಿಮ್ಮ ಮಗಳ ಚುಕ್ಕೆಗಳು ಮುಂದಕ್ಕೆ ಸರಿದು ಹೋಗಿವೆ. ನಿಶ್ಚಿಂತರಾಗಿರಿ.

ಪ್ರಶ್ನೆ: ನನಗೆ ನಲವತ್ತೆರಡು ವರ್ಷ. ಎರಡೂ ಕೈಗಳ ಎಲ್ಲ ಉಗುರುಗಳಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಅಡ್ಡಕ್ಕೆ ತಗ್ಗು ಗೆರೆಯೊಂದು ಬಿದ್ದಿದೆ. ಸವರಿದರೆ ಹಳ್ಳ ಕೈಗೆ ಸಿಗುತ್ತದೆ. ಈಗ ನನಗೆ ಯಾವ ಕಾಯಿಲೆಯೂ ಇಲ್ಲ.

ಉತ್ತರ: ಈಗ ಇಲ್ಲ, ನಿಜ. ಆದರೆ ನಿಮ್ಮ ಪತ್ರದ ಕೊನೆಯಲ್ಲಿ, ಬೇರೆ ಯಾವುದೋ ಮಾತಿನ ನಡುವೆ, ಮೂರು ತಿಂಗಳ ಹಿಂದೆ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದುದನ್ನು ಬರೆದಿದ್ದೀರಿ. ಉತ್ತರ ಅಲ್ಲೇ ಇದೆ.

ದೇಹ ತೀವ್ರವಾದ ಕಾಯಿಲೆಯೊಡನೆ ಹೋರಾಡುವಾಗ ಉಗುರಿನ ಬೇರು ತನ್ನ ಕೆಲಸವನ್ನು ಕೆಲವು ದಿನಗಳ ಮಟ್ಟಿಗೆ ನಿಧಾನಗೊಳಿಸುತ್ತದೆ ಅಥವಾ ನಿಲ್ಲಿಸಿಯೇ ಬಿಡುತ್ತದೆ. ಆ ದಿನಗಳ ಉಗುರು ತೆಳುವಾಗಿ ಹುಟ್ಟುತ್ತದೆ, ಮುಂದೆ ಬೆಳೆಯುತ್ತಾ ಬಂದಾಗ ಹಳ್ಳವಾಗಿ ಕಾಣುತ್ತದೆ. ಫ್ರಾನ್ಸಿನ ವೈದ್ಯ ಬೋ 1846ರಲ್ಲಿ ಇದನ್ನು ವಿವರಿಸಿದ್ದರಿಂದ ಇವಕ್ಕೆ ಇಂದಿಗೂ ಬೋ ಗೆರೆಗಳೆಂದೇ ಹೆಸರು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಹಾಗಾಗಿ ಬುಡದಿಂದ ಗೆರೆಯವರೆಗಿನ ದೂರವನ್ನು ಅಳೆದರೆ ಕಾಯಿಲೆ ಬಂದ ಕಾಲವನ್ನು ಅಂದಾಜು ಮಾಡಬಹುದು. ನಿಮ್ಮ ಅಳತೆ 8 ಅಥವಾ 9 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಲೆಕ್ಕ ಸರಿಹೋಗುತ್ತದೆ. ಕಾಲುಗುರುಗಳು ಇದರ ಅರ್ಧ ವೇಗದಲ್ಲೋ ಅದಕ್ಕೂ ನಿಧಾನವಾಗಿಯೋ ಬೆಳೆಯುವುದರಿಂದ ಅಲ್ಲಿ ಇದೇ ಗೆರೆ ಇನ್ನೂ ಬುಡದ ಹತ್ತಿರವೇ ಇರಬಹುದು, ನೋಡಿ.

ಈ ಬೆಳವಣಿಗೆಯ ವೇಗದ ಬಗ್ಗೆ ಒಂದು ಸ್ವಾರಸ್ಯದ ಸಂಗತಿಯಿದೆ. ಅಮೆರಿಕದ ವೈದ್ಯ ವಿಲಿಯಂ ಬೀನ್ ತಮ್ಮ ಎಡಗೈ ಹೆಬ್ಬೆರಳಿನ ಉಗುರಿಗೆ ಗುರುತು ಮಾಡಿ, ಆ ಗುರುತು ತುದಿ ತಲುಪಲು ಎಷ್ಟು ದಿನ ಹಿಡಿಯಿತೆಂಬುದನ್ನು 35 ವರ್ಷಗಳ ಕಾಲ ಬರೆದಿಟ್ಟರು. ಅವರಿಗೆ 32 ವರ್ಷವಾಗಿದ್ದಾಗ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು 67ನೇ ವಯಸ್ಸಿಗೆ ಬಂದಾಗ 0.095ಕ್ಕೆ ಇಳಿದಿತ್ತು. ಅವರನ್ನು ಅನುಕರಿಸಲು ಹೊರಟು ಮೂರನೆಯ ತಿಂಗಳಿಗೇ ಗುರುತು ಹಾಕುವುದನ್ನು ಮರೆತ ನನಗೆ ಆ ತಾಳ್ಮೆಯ ಬೆಲೆ ಗೊತ್ತು.

ಗೆರೆ ಒಂದೇ ಬೆರಳಿನಲ್ಲಿದ್ದಿದ್ದರೆ ಜ್ವರದ ಕಥೆಯನ್ನು ಕೇಳುವ ಅಗತ್ಯವೇ ಇರಲಿಲ್ಲ. ಆ ಬೆರಳಿಗೆ ಬಿದ್ದ ಪೆಟ್ಟು ಸಾಕಿತ್ತು. ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆದವರಲ್ಲಿ ಒಂದೊಂದು ಸುತ್ತಿನ ಔಷಧಿಗೆ ಒಂದೊಂದರಂತೆ ಸಾಲಾಗಿ ಗೆರೆಗಳು ಮೂಡುವುದುಂಟು. ಬೇರಿನ ಕೆಲಸ ಇನ್ನೂ ದೀರ್ಘಕಾಲ ನಿಂತರೆ ಹಳ್ಳದ ಜಾಗದಲ್ಲಿ ಉಗುರು ಪೂರ್ತಿ ಕಡಿದುಹೋಗಿ, ಹಳೆಯ ಉಗುರು ಬುಡದಿಂದ ಕಳಚುತ್ತದೆ. ಕೈ, ಕಾಲು, ಬಾಯಿಗಳಲ್ಲಿ ಗುಳ್ಳೆಯೇಳುವ ವೈರಸ್ ಜ್ವರ ಬಂದುಹೋದ ಒಂದೆರಡು ತಿಂಗಳಿಗೆ ಚಿಕ್ಕ ಮಕ್ಕಳ ಉಗುರುಗಳು ಹೀಗೆ ಕಳಚಿಬೀಳುವುದನ್ನು ಕಂಡು ಗಾಬರಿಯಾಗುವ ತಂದೆತಾಯಿಗಳು ಬಹಳ. ಕೆಳಗೆ ಹೊಸ ಉಗುರು ಆಗಲೇ ಹೊರಟಿರುತ್ತದೆ. ನಿಮ್ಮ ಗೆರೆಗೂ ಚಿಕಿತ್ಸೆ ಬೇಕಿಲ್ಲ. ಇನ್ನು ಎರಡು ಮೂರು ತಿಂಗಳಲ್ಲಿ ಅದು ತುದಿ ತಲುಪುತ್ತದೆ.

ಪ್ರಶ್ನೆ: ಎರಡು ವರ್ಷಗಳಿಂದ ಬಲಗಾಲಿನ ಹೆಬ್ಬೆರಳಿನ ಉಗುರು ಹಳದಿಯಾಗಿ ದಪ್ಪಗಾಗಿದೆ, ಕೆಳಗೆ ಪುಡಿ ಕೂಡುತ್ತದೆ. ಫಂಗಸ್ ಎಂದು ಔಷಧಿ ಅಂಗಡಿಯಲ್ಲಿ ಕೊಟ್ಟ ಮುಲಾಮನ್ನು ಒಂದು ವರ್ಷ ಹಚ್ಚಿದರೂ ಗುಣ ಕಾಣಲಿಲ್ಲ.

ಉತ್ತರ: ಇಲ್ಲಿ ಎರಡು ಸಾಧ್ಯತೆಗಳಿವೆ. ಅದು ಫಂಗಸ್ ಆಗಿರಬಹುದು ಮತ್ತು ಮುಲಾಮು ಅದನ್ನು ತಲುಪಿಲ್ಲದಿರಬಹುದು. ಅಥವಾ ಅದು ಫಂಗಸ್ ಅಲ್ಲದಿರಬಹುದು. ವೈದ್ಯರ ಬಳಿಗೆ ಬರುವ ವಿಕಾರಗೊಂಡ ಉಗುರುಗಳಲ್ಲಿ ಫಂಗಸ್ ಕಾರಣವಾಗಿರುವುದು ಸುಮಾರು ಅರ್ಧದಷ್ಟರಲ್ಲಿ ಮಾತ್ರ. ಉಳಿದರ್ಧದಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗ, ಬಿಗಿಯಾದ ಪಾದರಕ್ಷೆಯ ನಿರಂತರ ಒತ್ತಡ, ಹಳೆಯ ಪೆಟ್ಟು, ವಯಸ್ಸು ಮುಂತಾದವು ಸೇರಿರುತ್ತವೆ, ಮತ್ತು ನುರಿತ ಕಣ್ಣಿಗೂ ಇವು ಒಂದರಂತೆ ಇನ್ನೊಂದು ಕಾಣುತ್ತವೆ. ಹಾಗಾಗಿ ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಔಷಧಿ ನುಂಗಿಸುವುದನ್ನು ನಾನು ಒಪ್ಪುವುದಿಲ್ಲ. ಉಗುರಿನ ತುಂಡನ್ನೂ ಕೆಳಗಿನ ಪುಡಿಯನ್ನೂ ತೆಗೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫಂಗಸ್‌ನ ಎಳೆಗಳು ಕಾಣುತ್ತವೆ. ಕಾಣದಿದ್ದಲ್ಲಿ ಕಲ್ಚರ್, ಅಂದರೆ ಫಂಗಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು, ಅದರ ಫಲಿತಾಂಶಕ್ಕೆ ಕೆಲವು ವಾರ ಕಾಯಬೇಕು. ಪರೀಕ್ಷೆಗೆ ಮುಂಚೆ ಕೆಲವು ವಾರಗಳಾದರೂ ಮುಲಾಮನ್ನು ನಿಲ್ಲಿಸಿರಿ, ಇಲ್ಲವಾದರೆ ಇರುವ ಫಂಗಸ್ ಕೂಡ ಇಲ್ಲವೆಂದು ವರದಿ ಬರಬಹುದು.

ಫಂಗಸ್ ಎಂದು ಖಚಿತವಾದರೆ ಅದು ಬಹುಪಾಲು ಟ್ರೈಕೋಫೈಟಾನ್ ರೂಬ್ರಂ ಎಂಬ ಜಾತಿಯದು. ಕೆರಾಟಿನ್ ಅದರ ಆಹಾರ. ಮೊದಲು ಕಾಲ್ಬೆರಳ ಸಂದಿಯಲ್ಲೋ ಅಂಗಾಲಿನಲ್ಲೋ ಮನೆಮಾಡಿ, ಉಗುರಿನ ಮುಂತುದಿಯ ಅಡಿಯಿಂದ ನುಸುಳಿ ಬುಡದ ಕಡೆಗೆ ಸಾಗುತ್ತದೆ. ಉಗುರಿನ ಮೇಲೆ ಹಚ್ಚಿದ ಸಾಧಾರಣ ಮುಲಾಮು ಆ ದಪ್ಪ ಹಲಗೆಯನ್ನು ದಾಟಿ ಕೆಳಗಿಳಿಯಲಾರದು. ಬೇರಿನವರೆಗೂ ಹರಡದೆ ತುದಿಯಲ್ಲಷ್ಟೇ ಇರುವಾಗ, ಉಗುರಿಗೆಂದೇ ತಯಾರಾದ, ಬಣ್ಣದಂತೆ ಬಳಿಯುವ ಅಮೊರಾಲ್ಫಿನ್ ಅಥವಾ ಸೈಕ್ಲೋಪಿರಾಕ್ಸ್ ಸಾಕಾಗಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಅದಕ್ಕಿಂತ ಹೆಚ್ಚು ಹರಡಿದ್ದರೆ ನುಂಗುವ ಔಷಧಿಯೇ ಬೇಕು. ಟೆರ್ಬಿನಾಫಿನ್ ಅನ್ನು ವಯಸ್ಕರಿಗೆ ದಿನಕ್ಕೆ 250 ಮಿಲಿಗ್ರಾಂನಂತೆ ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ ಕೊಡುವುದು ರೂಢಿ. ಅದು ಅಪರೂಪಕ್ಕೆ ಯಕೃತ್ತಿಗೆ ಹಾನಿ ಮಾಡುವುದರಿಂದ ಮೊದಲೇ ರಕ್ತಪರೀಕ್ಷೆ ಮಾಡಿಸಬೇಕು, ಮತ್ತು ನೀವು ತೆಗೆದುಕೊಳ್ಳುತ್ತಿರುವ ಇತರ ಔಷಧಿಗಳನ್ನೆಲ್ಲ ವೈದ್ಯರಿಗೆ ಹೇಳಬೇಕು.

ಹನ್ನೆರಡು ವಾರ ಮುಗಿದರೂ ಉಗುರು ಹಾಗೇ ಇದೆಯೆಂದು ಬೇಸರಪಡುವವರು ಬಹಳ. ಔಷಧಿ ಫಂಗಸ್ಸನ್ನು ಕೊಲ್ಲುತ್ತದೆಯೇ ಹೊರತು ಕೆಟ್ಟ ಉಗುರನ್ನು ರಿಪೇರಿ ಮಾಡುವುದಿಲ್ಲ. ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಬುಡದಿಂದ ತೆಳುವಾದ, ತಿಳಿಯಾದ ಉಗುರು ಬರುತ್ತಿದೆಯೇ ಎಂಬುದನ್ನಷ್ಟೇ ನೋಡುತ್ತಿರಿ. ಬೆರಳ ಸಂದಿಯ ಸೋಂಕಿಗೂ ಜೊತೆಯಲ್ಲೇ ಚಿಕಿತ್ಸೆ ಮಾಡಿಸಿ. ಅದನ್ನು ಬಿಟ್ಟರೆ ಹೊಸ ಉಗುರೂ ಹಳೆಯ ದಾರಿ ಹಿಡಿಯುತ್ತದೆ.

ಪರೀಕ್ಷೆಯಲ್ಲಿ ಫಂಗಸ್ ಇಲ್ಲವೆಂದಾದರೆ ನಿಮ್ಮ ಕೈಯುಗುರುಗಳನ್ನು ಬೆಳಕಿಗೆ ಹಿಡಿದು ನೋಡಿರಿ. ಸೂಜಿಯ ಮೊನೆಯಿಂದ ಚುಚ್ಚಿದಂತೆ ಸಣ್ಣ ಗುಳಿಗಳಿವೆಯೇ, ಎಣ್ಣೆಯ ಹನಿ ಬಿದ್ದಂತೆ ಹಳದಿಗೆಂಪು ಕಲೆಗಳಿವೆಯೇ, ತುದಿಯಿಂದ ಉಗುರು ಹಾಸನ್ನು ಬಿಟ್ಟು ಎದ್ದಿದೆಯೇ? ಇವು ಸೋರಿಯಾಸಿಸ್‌ನ ಗುರುತುಗಳು. ಚರ್ಮದ ಮೇಲೆ ಒಂದು ಕಲೆಯೂ ಇಲ್ಲದೆ ಉಗುರಿನಲ್ಲಷ್ಟೇ ಸೋರಿಯಾಸಿಸ್ ಇರುವುದುಂಟು. ಉಗುರಿನ ಸೋರಿಯಾಸಿಸ್ ಇರುವವರಲ್ಲಿ ಕೀಲುಗಳ ಉರಿಯೂತದ ಸಂಭವ ಹೆಚ್ಚು. ಬೆಳಿಗ್ಗೆ ಏಳುವಾಗ ಬೆರಳಿನ ಕೀಲುಗಳು ಬಿಗಿದಿರುತ್ತಿದ್ದರೆ ಆ ಮಾತನ್ನೂ ವೈದ್ಯರಿಗೆ ಹೇಳಿ.

ಪ್ರಶ್ನೆ: ಎರಡೂ ಕೈಗಳ ಹೆಬ್ಬೆರಳಿನ ಉಗುರುಗಳ ನಟ್ಟನಡುವೆ, ಬಟ್ಟೆ ಒಗೆಯುವ ಹಲಗೆಯ ಹಾಗೆ, ಒಂದರ ಕೆಳಗೊಂದು ಅಡ್ಡ ಗೆರೆಗಳು. ಉಳಿದ ಎಂಟೂ ಚೆನ್ನಾಗಿವೆ.

ಉತ್ತರ: ಓದುವಾಗ, ಯೋಚಿಸುವಾಗ, ಯಾರಿಗಾದರೂ ಕಾಯುವಾಗ ನಿಮ್ಮ ತೋರುಬೆರಳು ಏನು ಮಾಡುತ್ತಿದೆಯೆಂದು ಒಂದು ವಾರ ಗಮನಿಸಿ. ಅದು ಹೆಬ್ಬೆರಳಿನ ಬುಡದ ಚರ್ಮವನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಒಂದೊಂದು ತಳ್ಳಾಟವೂ ಬೇರಿಗೆ ಒಂದು ಸಣ್ಣ ಪೆಟ್ಟು. ನಿಮಗೆ ಗೊತ್ತಾಗದಿದ್ದರೆ ಮನೆಯವರನ್ನು ಕೇಳಿ, ಅವರು ಬಹಳ ದಿನಗಳಿಂದ ನೋಡಿರುತ್ತಾರೆ. ಬುಡಕ್ಕೆ ಅಂಟುಪಟ್ಟಿ ಸುತ್ತಿ ಆರು ತಿಂಗಳು ಕೈಯನ್ನು ಕಟ್ಟಿಹಾಕಿದರೆ ಉಗುರು ನಯವಾಗುತ್ತದೆ.

ಪ್ರಶ್ನೆ: ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಕಪ್ಪು ಗೆರೆಯೊಂದು ಬಂದಿದೆ. ನೋವಿಲ್ಲ. ಒಂದು ವರ್ಷದ ಹಿಂದೆ ದಾರದಷ್ಟು ಸಣ್ಣಗಿತ್ತು, ಈಗ ಅಗಲವಾಗಿದೆ. ನನಗೆ ಐವತ್ತೆಂಟು ವರ್ಷ.

ಉತ್ತರ: ಈ ಸಲದ ಪತ್ರಗಳಲ್ಲಿ ಅಂಚೆ ಬಂದ ದಿನವೇ ಉತ್ತರ ಬರೆದು ಕಳುಹಿಸಿದ್ದು ಇದೊಂದಕ್ಕೆ. ಚರ್ಮರೋಗ ತಜ್ಞರನ್ನು ಈ ವಾರದಲ್ಲೇ ಕಾಣಿರಿ ಎಂದು ಅದರಲ್ಲಿ ಹೇಳಿದ್ದೆ. ಉಳಿದವರಿಗೂ ತಿಳಿದಿರಲೆಂದು ಇಲ್ಲಿ ವಿವರಿಸುತ್ತೇನೆ.

ಉದ್ದುದ್ದಕ್ಕೆ ಬರುವ ಕಪ್ಪು ಅಥವಾ ಕಂದು ಗೆರೆಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉಗುರಿನ ಬೇರಿನಲ್ಲೂ ತಯಾರಾಗಬಲ್ಲುದು, ಹಾಗೆ ತಯಾರಾದಾಗ ಬೆಳೆಯುವ ಉಗುರಿನ ಜೊತೆ ಗೆರೆಯಾಗಿ ಎಳೆದುಕೊಂಡು ಬರುತ್ತದೆ. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ವಯಸ್ಸಾದಂತೆ ಹಲವು ಉಗುರುಗಳಲ್ಲಿ ಇಂಥ ಗೆರೆಗಳು ಮೂಡುವುದು ತೀರ ಸಾಮಾನ್ಯ. ಕೆಲವು ಔಷಧಿಗಳಿಂದಲೂ, ಬಿ12 ಜೀವಸತ್ವದ ಕೊರತೆಯಿಂದಲೂ, ಗರ್ಭಾವಸ್ಥೆಯಲ್ಲೂ ಬರಬಹುದು. ಇವೆಲ್ಲವೂ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಉಗುರುಗಳಲ್ಲಿ ಕಾಣಿಸಿಕೊಳ್ಳುತ್ತವೆ.

ವಯಸ್ಕರಲ್ಲಿ ಒಂದೇ ಉಗುರಿನಲ್ಲಿ, ಅದರಲ್ಲೂ ಕೈಯ ಅಥವಾ ಕಾಲಿನ ಹೆಬ್ಬೆರಳಿನಲ್ಲಿ ಹೊಸದಾಗಿ ಹುಟ್ಟಿ ಅಗಲವಾಗುತ್ತಾ ಹೋಗುವ ಗೆರೆಯ ವಿಷಯವೇ ಬೇರೆ. ಮೆಲನೋಮ ಎಂಬ ಕ್ಯಾನ್ಸರ್ ಅಪರೂಪಕ್ಕೆ ಉಗುರಿನ ಬೇರಿನಲ್ಲಿ ಹುಟ್ಟುತ್ತದೆ, ಮತ್ತು ಅದು ಆರಂಭದಲ್ಲಿ ನೋಯುವುದಿಲ್ಲ. ಗೆರೆ 3 ಮಿಲಿಮೀಟರಿಗಿಂತ ಅಗಲವಾಗಿದ್ದರೆ, ಅಂಚುಗಳು ಮಸುಕಾಗಿದ್ದರೆ, ಒಂದೇ ಗೆರೆಯಲ್ಲಿ ಹಲವು ಛಾಯೆಗಳಿದ್ದರೆ, ತುದಿಗಿಂತ ಬುಡದಲ್ಲಿ ಅಗಲವಾಗಿದ್ದರೆ ಅನುಮಾನಿಸಬೇಕು. ಬುಡದಲ್ಲಿ ಅಗಲವಾಗಿದೆ ಎಂದರೆ ತಿಂಗಳುಗಳ ಹಿಂದೆ ಹುಟ್ಟಿದ ಉಗುರಿಗಿಂತ ಈಚೆಗೆ ಹುಟ್ಟಿದ ಉಗುರಿನಲ್ಲಿ ಬಣ್ಣ ಹೆಚ್ಚಾಗಿದೆ, ಅಂದರೆ ಮೂಲದಲ್ಲಿರುವುದು ಬೆಳೆಯುತ್ತಿದೆ ಎಂದರ್ಥ. ಕಪ್ಪು ಬಣ್ಣ ಉಗುರನ್ನು ದಾಟಿ ಬುಡದ ಅಥವಾ ಪಕ್ಕದ ಚರ್ಮಕ್ಕೂ ಹರಡಿದ್ದರೆ ಅದು ಹತ್ತೊಂಬತ್ತನೆಯ ಶತಮಾನದಲ್ಲೇ ಇಂಗ್ಲೆಂಡಿನ ಜೊನಾಥನ್ ಹಚಿನ್‌ಸನ್ ಗುರುತಿಸಿದ ಲಕ್ಷಣ, ತಡಮಾಡಬಾರದ ಲಕ್ಷಣ. ಅನುಮಾನವನ್ನು ಬಗೆಹರಿಸುವುದು ಬಯಾಪ್ಸಿ, ಅಂದರೆ ಸಣ್ಣ ತುಣುಕನ್ನು ತೆಗೆದು ಮಾಡುವ ಪರೀಕ್ಷೆ, ಒಂದೇ. ಅದನ್ನೂ ಉಗುರಿನ ತುದಿಯಿಂದಲ್ಲ, ಗೆರೆ ಹುಟ್ಟುವ ಬೇರಿನಿಂದ ತೆಗೆಯಬೇಕು.

ಪೆಟ್ಟಾಗಿ ಉಗುರಿನ ಕೆಳಗೆ ಹೆಪ್ಪುಗಟ್ಟಿದ ರಕ್ತವೂ ಕಪ್ಪಾಗಿಯೇ ಕಾಣುತ್ತದೆ. ಇವೆರಡನ್ನೂ ಬೇರ್ಪಡಿಸಲು ಬೆಳವಣಿಗೆಯೇ ಸಹಾಯಕ್ಕೆ ಬರುತ್ತದೆ: ರಕ್ತದ ಕಲೆ ಉಗುರಿನೊಡನೆ ಮುಂದಕ್ಕೆ ಸರಿದು ಅದರ ಹಿಂದೆ ಸ್ವಚ್ಛವಾದ ಉಗುರು ಕಾಣಿಸುತ್ತದೆ, ಮೆಲನಿನ್ ಗೆರೆ ಬುಡವನ್ನು ಬಿಡುವುದಿಲ್ಲ. ತಿಂಗಳಿಗೊಮ್ಮೆ ಫೋಟೊ ತೆಗೆದಿಟ್ಟುಕೊಂಡರೆ ಈ ವ್ಯತ್ಯಾಸ ತಿಳಿಯುತ್ತದೆ. ಆದರೆ ಮೇಲೆ ಹೇಳಿದ ಅನುಮಾನದ ಲಕ್ಷಣಗಳಲ್ಲಿ ಒಂದಿದ್ದರೂ ಫೋಟೊ ತೆಗೆಯುತ್ತಾ ಕೂರಬಾರದು. ಕೆಟ್ಟ ಉಗುರಿಗೆ ಪೆಟ್ಟು ಬಿದ್ದ ನೆನಪು ಎಲ್ಲರಿಗೂ ಇರುತ್ತದೆ, ಆ ನೆನಪೇ ಎಷ್ಟೋ ಸಲ ವೈದ್ಯರನ್ನು ಕಾಣುವುದನ್ನು ಮುಂದೂಡಿಸುತ್ತದೆ.

ಪ್ರಶ್ನೆ: ದಿನದ ಬಹುಭಾಗ ನನ್ನ ಕೈ ನೀರಿನಲ್ಲಿ, ಸಾಬೂನಿನಲ್ಲಿ. ಉಗುರುಗಳು ಪದರಪದರವಾಗಿ ಸೀಳುತ್ತವೆ. ಎರಡು ಬೆರಳುಗಳಿಗೆ ಪದೇಪದೇ ಉಗುರುಸುತ್ತು ಆಗುತ್ತದೆ. ಬಯೋಟಿನ್ ಎಂಬ ಜೀವಸತ್ವದ ಮಾತ್ರೆ ತೆಗೆದುಕೊಳ್ಳಲೇ?

ಉತ್ತರ: ಎರಡೂ ತೊಂದರೆಗಳ ಮೂಲ ನೀರು. ಉಗುರು ನೀರನ್ನು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಬಾರಿ ಹೀಗೆ ಹಿಗ್ಗಿಕುಗ್ಗಿದರೆ ಕೋಶಗಳ ಪದರಗಳು ಒಂದನ್ನೊಂದು ಬಿಡುತ್ತವೆ. ಬಣ್ಣ ತೆಗೆಯಲು ಬಳಸುವ ಅಸಿಟೋನ್ ಕೂಡ ಉಗುರನ್ನು ಒಣಗಿಸಿ ಇದಕ್ಕೆ ನೆರವಾಗುತ್ತದೆ.

ಇನ್ನು ಉಗುರುಸುತ್ತು. ಬುಡದಲ್ಲಿ ಉಗುರನ್ನೂ ಚರ್ಮವನ್ನೂ ಬೆಸೆಯುವ ತೆಳುವಾದ ಪೊರೆಯೊಂದಿದೆ, ಕ್ಯುಟಿಕಲ್ ಎಂದು ಅದರ ಹೆಸರು. ಅದು ಉಗುರಿನ ಬೇರಿಗೆ ಹಾಕಿದ ಮುದ್ರೆ. ಕೆಲವರು ಅದನ್ನು ಅಂದಗೇಡು ಎಂದು ತಿಳಿದು ಕತ್ತರಿಸುತ್ತಾರೆ. ನಿಮ್ಮಲ್ಲಿ ಅದನ್ನು ನೀರೂ ಸಾಬೂನೂ ಕರಗಿಸಿವೆ. ಮುದ್ರೆ ಒಡೆದ ಮೇಲೆ ತೇವ, ಮಾರ್ಜಕ, ಕ್ಯಾಂಡಿಡ ಎಂಬ ಯೀಸ್ಟ್ ಎಲ್ಲವೂ ಒಳಗಿಳಿಯುತ್ತವೆ, ಚರ್ಮ ಕೆಂಪಾಗಿ ದಪ್ಪಗಾಗುತ್ತದೆ, ಬೇರಿಗೂ ತೊಂದರೆಯಾಗಿ ಉಗುರು ಏರುತಗ್ಗಾಗಿ ಬರುತ್ತದೆ. ಇದು ತಿಂಗಳುಗಟ್ಟಲೆ ಉಳಿಯುವ ಬಗೆ. ಒಂದೆರಡು ದಿನಗಳಲ್ಲಿ ಬಿಸಿಯಾಗಿ, ಮಿಡಿಯುತ್ತಾ ಕೀವು ತುಂಬುವುದು ಇನ್ನೊಂದು ಬಗೆ. ಅದಕ್ಕೆ ಕಾರಣ ಹೆಚ್ಚಾಗಿ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ. ಕೀವು ಕಟ್ಟಿದ್ದರೆ ವೈದ್ಯರಿಂದ ಅದನ್ನು ಹೊರತೆಗೆಸಲೇಬೇಕು, ಮನೆಯ ಸೂಜಿಯ ಕೆಲಸ ಅದಲ್ಲ. ಎದ್ದುನಿಂತ ಉಗುರಿನ ಕೆಳಗೆ ಹಸಿರು ಬಣ್ಣ ಕಂಡರೆ ಅದು ತೇವವನ್ನು ಪ್ರೀತಿಸುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ್ದು.

ರಬ್ಬರ್ ಕೈಗವಸು ಹಾಕಿಕೊಳ್ಳಿ, ಒಳಗೆ ಹತ್ತಿಯ ಕೈಗವಸಿರಲಿ. ಬರಿಯ ರಬ್ಬರಿನೊಳಗೆ ಬೆವರು ಕೂಡಿ ಮತ್ತೆ ಅದೇ ಕಥೆ. ಕೆಲಸ ಮುಗಿದೊಡನೆ ಒರೆಸಿ ಉಗುರು ಮತ್ತು ಬುಡಕ್ಕೆ ವ್ಯಾಸಲೀನ್ ಸವರಿ. ಬಯೋಟಿನ್ ಮೆದು ಉಗುರಿಗೆ ಒಂದಿಷ್ಟು ನೆರವಾಗಬಹುದೆಂದು ಕೆಲವು ಸಣ್ಣ ಅಧ್ಯಯನಗಳು ಸೂಚಿಸಿವೆ, ಅದಕ್ಕಿಂತ ಹೆಚ್ಚಿನ ಭರವಸೆ ಕೊಡಲಾರೆ. ತೆಗೆದುಕೊಂಡರೆ ರಕ್ತಪರೀಕ್ಷೆಗೆ ಹೋದಾಗ ತಪ್ಪದೆ ಹೇಳಿ: ಹೆಚ್ಚಿನ ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೂ, ಹೃದಯಾಘಾತವನ್ನು ಪತ್ತೆಮಾಡುವ ಟ್ರೊಪೊನಿನ್ ಪರೀಕ್ಷೆಯನ್ನೂ ದಾರಿ ತಪ್ಪಿಸಬಲ್ಲುದು. ನೀರಿಗೆ ಕೈಹಾಕದ ಕಾಲಿನ ಉಗುರುಗಳೂ ಸೀಳುತ್ತಿದ್ದರೆ, ಅಥವಾ ಉಗುರು ತೆಳುವಾಗಿ ಚಮಚದಂತೆ ನಡುವೆ ತಗ್ಗಿ ಒಂದು ಹನಿ ನೀರು ನಿಲ್ಲುವಂತಾಗಿದ್ದರೆ ಕಬ್ಬಿಣಾಂಶ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹಾಲುಗೂಸುಗಳ ಕಾಲ್ಬೆರಳಿನಲ್ಲಿ ಚಮಚದ ಆಕಾರ ಸಹಜ, ಅದಕ್ಕೆ ಚಿಂತೆ ಬೇಡ.

ಪ್ರಶ್ನೆ: ಬೆರಳ ತುದಿಗಳು ದುಂಡಗೆ ಉಬ್ಬಿ ಉಗುರುಗಳು ಗಿಳಿಯ ಕೊಕ್ಕಿನಂತೆ ಬಾಗಿವೆಯೆಂದು ಗೆಳೆಯರೊಬ್ಬರು ತೋರಿಸಿಕೊಟ್ಟರು. ನಾನು ಗಮನಿಸಿಯೇ ಇರಲಿಲ್ಲ. ಮೂವತ್ತು ವರ್ಷಗಳಿಂದ ಸಿಗರೇಟು ಸೇದುತ್ತೇನೆ.

ಉತ್ತರ: ಎರಡೂ ಕೈಗಳ ತೋರುಬೆರಳುಗಳನ್ನು ಮಡಚಿ, ಉಗುರಿಗೆ ಉಗುರು ತಾಗುವಂತೆ ಬೆನ್ನಿಗೆ ಬೆನ್ನು ಹಚ್ಚಿ ಬೆಳಕಿಗೆ ಹಿಡಿಯಿರಿ. ಸಹಜವಾಗಿದ್ದರೆ ಎರಡೂ ಉಗುರುಗಳ ಬುಡದ ನಡುವೆ ವಜ್ರಾಕೃತಿಯ ಸಣ್ಣ ಕಿಂಡಿ ಕಾಣುತ್ತದೆ. ಅದು ಮುಚ್ಚಿಹೋಗಿದ್ದರೆ ಗೆಳೆಯರು ಹೇಳಿದ್ದು ನಿಜ. ದಕ್ಷಿಣ ಆಫ್ರಿಕಾದ ಹೃದ್ರೋಗ ತಜ್ಞ ಲಿಯೊ ಶಾಮ್‌ರಾತ್ ತಮ್ಮ ಹೃದಯದ ಒಳಪೊರೆಗೆ ಸೋಂಕು ತಗುಲಿದಾಗ ತಮ್ಮದೇ ಬೆರಳುಗಳಲ್ಲಿ ಇದನ್ನು ಗಮನಿಸಿ 1976ರಲ್ಲಿ ಪ್ರಕಟಿಸಿದರು. ಈ ಬೆರಳನ್ನು ಪ್ರಾಚೀನ ಗ್ರೀಸಿನ ಹಿಪೊಕ್ರಟೀಸ್ ಕಾಲದಿಂದಲೂ ವೈದ್ಯರು ಬಲ್ಲರು.

ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಗಡುಸುತನ, ಬಹುಕಾಲದ ಕಫ ಕೀವು, ಹುಟ್ಟಿನಿಂದ ಬಂದ ಕೆಲವು ಹೃದ್ರೋಗಗಳು, ಕರುಳಿನ ಉರಿಯೂತ, ಯಕೃತ್ತಿನ ಕಾಯಿಲೆ ಇವು ಕಾರಣಗಳು. ಕೆಲವು ಮನೆತನಗಳಲ್ಲಿ ಯಾವ ರೋಗವೂ ಇಲ್ಲದೆ ವಂಶಪಾರಂಪರ್ಯವಾಗಿಯೂ ಬರುತ್ತದೆ, ಆದರೆ ಅವರಿಗೆ ಎಳವೆಯಿಂದಲೇ ಹಾಗಿರುತ್ತದೆ. ನಿಮ್ಮ ವಯಸ್ಸಿನಲ್ಲಿ, ನಿಮ್ಮ ಅಭ್ಯಾಸದ ಹಿನ್ನೆಲೆಯಲ್ಲಿ, ಹೊಸದಾಗಿ ಬಂದದ್ದಾದರೆ ಎದೆಯ ಎಕ್ಸ್-ರೇ ಮೊದಲು ಆಗಬೇಕು, ಅದು ಸರಿಯಿದ್ದರೂ ಶ್ವಾಸಕೋಶ ತಜ್ಞರು ಸಿ.ಟಿ. ಸ್ಕ್ಯಾನ್ ಬೇಕೆಂದರೆ ಹಿಂಜರಿಯಬೇಡಿ. ಗೆಳೆಯರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಕಾಲಿನ ಹೆಬ್ಬೆರಳಿನ ಉಗುರು ಪಕ್ಕದ ಮಾಂಸದೊಳಕ್ಕೆ ಬೆಳೆಯುತ್ತದೆ. ಮೂಲೆಯನ್ನು ಆಳವಾಗಿ ಕತ್ತರಿಸಿದರೆ ಸ್ವಲ್ಪ ದಿನ ಆರಾಮ, ಮತ್ತೆ ನೋವು.

ಉತ್ತರ: ಆ ಆಳದ ಕತ್ತರಿಯೇ ನೋವನ್ನು ಮರಳಿ ಕರೆಯುತ್ತಿದೆ. ಮೂಲೆಯನ್ನು ಕತ್ತರಿಸಿದಾಗ ಒಳಗೆ ಮುಳ್ಳಿನಂತೆ ಒಂದು ಚೂಪು ಉಳಿಯುತ್ತದೆ, ಉಗುರು ಬೆಳೆದಂತೆ ಅದು ಮಾಂಸವನ್ನು ಚುಚ್ಚುತ್ತದೆ. ಕಾಲುಗುರನ್ನು ನೇರವಾಗಿ ಅಡ್ಡಕ್ಕೆ ಕತ್ತರಿಸಿ, ಮೂಲೆಗಳು ಮಾಂಸದ ಹೊರಗೇ ಇರಲಿ. ಬೆರಳುಗಳನ್ನು ಒತ್ತದ ಪಾದರಕ್ಷೆ ಧರಿಸಿ. ಪದೇಪದೇ ಕೀವಾಗುತ್ತಿದ್ದರೆ ಉಗುರಿನ ಆ ಅಂಚನ್ನಷ್ಟೇ ತೆಗೆದು ಅಲ್ಲಿನ ಬೇರನ್ನು ಫೀನಾಲ್‌ನಿಂದ ಸುಡುವ ಸಣ್ಣ ಶಸ್ತ್ರಚಿಕಿತ್ಸೆಯಿದೆ, ಬೆರಳಿಗಷ್ಟೇ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಮಧುಮೇಹವಿದ್ದು ಪಾದದ ಸ್ಪರ್ಶಜ್ಞಾನ ಕುಂದಿರುವವರು ಇಲ್ಲಿ ಯಾವ ಸ್ವಯಂಚಿಕಿತ್ಸೆಗೂ ಕೈಹಾಕಬಾರದು. ನೋಯದ ಗಾಯ ಹುಣ್ಣಾಗಿ ಮೂಳೆಯನ್ನು ಮುಟ್ಟಿದ ಮೇಲೆ ಉಳಿಯುವ ದಾರಿಗಳು ಬಹಳ ಕಡಿಮೆ.

ಪ್ರಶ್ನೆ: ವಯಸ್ಸು ಅರವತ್ತೈದು. ಎಲ್ಲ ಉಗುರುಗಳಲ್ಲೂ ಉದ್ದುದ್ದ ಗೀರುಗಳು. ಏನಾದರೂ ಕೊರತೆಯೇ?

ಉತ್ತರ: ಕೊರತೆಯಲ್ಲ, ವಯಸ್ಸು. ಆದರೆ ಗೀರಿನ ಜೊತೆಗೆ ಉಗುರು ತೆಳುವಾಗುತ್ತಾ, ಉದ್ದಕ್ಕೆ ಸೀಳುತ್ತಾ, ಬುಡದ ಚರ್ಮ ಮುಂದಕ್ಕೆ ಬೆಳೆದು ಉಗುರಿನ ಕೆಳಗಿನ ಹಾಸಿನ ಮೇಲೆ ಅಂಟಿಕೊಳ್ಳುತ್ತಿದ್ದರೆ ಅದು ಲೈಕನ್ ಪ್ಲೇನಸ್ ಎಂಬ ರೋಗವಿರಬಹುದು. ಅದು ಬೇರನ್ನೇ ನಾಶಮಾಡಿ ಕಲೆ ಬಿಡುತ್ತದೆ, ಹಾಗೆ ಹೋದ ಉಗುರು ಮರಳಿ ಬರುವುದಿಲ್ಲ. ಆದ್ದರಿಂದ ಅದನ್ನು ಬೇಗ ತೋರಿಸಬೇಕು.

ಪ್ರಶ್ನೆ: ಉಗುರಿನ ತೊಂದರೆಗೆ ವೈದ್ಯರ ಬಳಿ ಹೋಗುವಾಗ ಉಗುರುಬಣ್ಣವನ್ನು ತೆಗೆದೇ ಹೋಗಬೇಕೇ? ಕೆಟ್ಟಿರುವುದು ಕೈಯ ಒಂದು ಉಗುರು ಮಾತ್ರ.

ಉತ್ತರ: ತೆಗೆದೇ ಹೋಗಿ, ಇಪ್ಪತ್ತರದನ್ನೂ. ಕಾಲುಚೀಲವನ್ನೂ ಬಿಚ್ಚಬೇಕಾಗುತ್ತದೆ.